ಉಪ್ಪಿನ ತೂಕಕ್ಕೆ ಚಿನ್ನ: ಘಾನಾ, ಮಾಲಿ ಬಗೆಗಿನ ಈ ಮಾತು ಎಷ್ಟು ನಿಜ?

ಕುತೂಹಲಿ:
ಪಶ್ಚಿಮ ಆಫ್ರಿಕಾದ ಹಳೆಯ ರಾಜ್ಯಗಳ ಬಗ್ಗೆ ಓದಲು ಕೂತರೆ ಎರಡು ಮಾತು ಎಲ್ಲ ಕಡೆ ಎದುರಾಗುತ್ತವೆ. ಅಲ್ಲಿ ಉಪ್ಪಿಗೆ ಸಮತೂಕದ ಚಿನ್ನ ಕೊಡುತ್ತಿದ್ದರು ಅನ್ನುವುದು ಒಂದು. 1076ರಲ್ಲಿ ಅಲ್ಮೊರಾವಿದ್ (ಸಹಾರಾದ ಬರ್ಬರ್ ಮುಸ್ಲಿಂ ರಾಜವಂಶ) ಪಡೆ ಘಾನಾವನ್ನು ಗೆದ್ದು ಇಸ್ಲಾಂ ಹೇರಿತು ಅನ್ನುವುದು ಇನ್ನೊಂದು. ಎರಡೂ ಯಾಕೋ ಅತಿಯಾಯಿತು ಅನ್ನಿಸುತ್ತಿದೆ. ಲೆಕ್ಕ ಹಾಕಿ ನೋಡಬಹುದಾದ ದಾಖಲೆ ಏನಾದರೂ ಇದೆಯೇ? ವ್ಯಾಪಾರಕ್ಕೂ ಮತ ಹರಡಿದ್ದಕ್ಕೂ ನಿಜವಾಗಿ ಇದ್ದ ನಂಟೇನು?

ತಕ್ಕಡಿ:
ಉಪ್ಪಿನ ಲೆಕ್ಕ ಸುಲಭ, ಬೆಲೆ ಬರೆದಿಟ್ಟವರಿದ್ದಾರೆ. 1352ರಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ಸಹಾರಾ ದಾಟಿ ಮಾಲಿಗೆ ಹೋದ. ಮರುಭೂಮಿಯ ನಡುವಿನ ತಘಾಜಾ ಗಣಿಯಲ್ಲಿ ಉಪ್ಪನ್ನು ದಪ್ಪ ಹಲಗೆಗಳಾಗಿ ಕಡಿಯುತ್ತಿದ್ದರು, ಒಂದು ಒಂಟೆಗೆ ಎರಡು ಹಲಗೆ. ಆ ಹೊರೆಗೆ ಸಹಾರಾದ ದಕ್ಷಿಣ ಅಂಚಿನ ವಲಾತಾ ಪಟ್ಟಣದಲ್ಲಿ 8ರಿಂದ 10 ಮಿಸ್ಕಾಲ್ ಚಿನ್ನ, ಮಾಲಿಯ ರಾಜಧಾನಿಯಲ್ಲಿ 20ರಿಂದ 30, ಕೆಲವೊಮ್ಮೆ 40.

ಒಂದು ಮಿಸ್ಕಾಲ್ ಸುಮಾರು 4.25 ಗ್ರಾಂ. 30 ಮಿಸ್ಕಾಲ್ ಅಂದರೆ 127 ಗ್ರಾಂ ಚಿಲ್ಲರೆ. ಒಂಟೆಯ ಹೊರೆ 150 ಕೆಜಿ ಎಂದಿಟ್ಟುಕೊಳ್ಳಿ: ಒಂದು ಗ್ರಾಂ ಚಿನ್ನಕ್ಕೆ ಒಂದು ಕೆಜಿಗಿಂತ ಹೆಚ್ಚು ಉಪ್ಪು ಬಂತು. ವಲಾತಾದ ದರದಲ್ಲಾದರೆ ಮೂರೂವರೆ ಕೆಜಿ. ಸಮತೂಕ ಎಲ್ಲಿ, ಇದೆಲ್ಲಿ! ಹೊರೆಯ ಭಾರವನ್ನು ಅರ್ಧ ಮಾಡಿದರೂ ಆ ಮಾತು ನಿಲ್ಲುವುದಿಲ್ಲ.

ಗಮನಿಸಬೇಕಾದ್ದು ಬೇರೆ. ವಲಾತಾದಿಂದ ಮಾಲಿಗೆ ಚುರುಕಾಗಿ ನಡೆದರೆ 24 ದಿನದ ದಾರಿ. ಅಷ್ಟರೊಳಗೆ ಬೆಲೆ ಎರಡು ಮೂರು ಪಟ್ಟಾಗುತ್ತದೆ. ರಾಜರು ಕಣ್ಣಿಟ್ಟದ್ದು ಈ ಏರಿಕೆಯ ಮೇಲೆ. 1068ರಲ್ಲಿ ಸ್ಪೇನಿನ ಅರಬ್ ಭೂಗೋಳಜ್ಞ ಅಲ್-ಬಕ್ರಿ ಬರೆದ ಪ್ರಕಾರ ಘಾನಾದ ರಾಜ ಒಂದು ಕತ್ತೆಹೊರೆ ಉಪ್ಪು ಒಳಗೆ ಬಂದರೆ ಒಂದು ದಿನಾರ್ (ಚಿನ್ನದ ನಾಣ್ಯ), ಹೊರಗೆ ಹೋದರೆ ಎರಡು ದಿನಾರ್ ಸುಂಕ ವಸೂಲಿ ಮಾಡುತ್ತಿದ್ದ. ತಾಮ್ರದ ಹೊರೆಗೆ 5 ಮಿಸ್ಕಾಲ್. ಗಣಿಯಲ್ಲಿ ಸಿಕ್ಕ ಚಿನ್ನದ ಗಟ್ಟಿಗಳೆಲ್ಲ ರಾಜನಿಗೆ, ಪುಡಿ ಮಾತ್ರ ಜನಕ್ಕೆ. ಎಲ್ಲವನ್ನೂ ಬಿಟ್ಟುಕೊಟ್ಟರೆ ಚಿನ್ನ ಹೆಚ್ಚಾಗಿ ಬೆಲೆ ಬಿದ್ದುಹೋಗುತ್ತದೆ ಅನ್ನುವ ಕಾರಣವನ್ನೂ ಅಲ್-ಬಕ್ರಿಯೇ ಕೊಡುತ್ತಾನೆ. ಆ ಭಯ ಸುಮ್ಮನೆ ಅಲ್ಲ: 1324ರಲ್ಲಿ ಮಾಲಿಯ ರಾಜ ಮಾನ್ಸಾ ಮೂಸಾ ಹಜ್‌ಗೆ ಹೋಗುತ್ತಾ ಕೈರೋದಲ್ಲಿ ಚಿನ್ನ ಸುರಿದ ಮೇಲೆ, 25 ಬೆಳ್ಳಿ ದಿರ್ಹಮ್‌ಗಿಂತ ಕೆಳಗಿಳಿಯದಿದ್ದ ಮಿಸ್ಕಾಲ್ ಚಿನ್ನದ ಬೆಲೆ 22ಕ್ಕೂ ಕೆಳಗೆ ಹೋಯಿತು ಎಂದು ಅರಬ್ ಬರಹಗಾರ ಅಲ್-ಉಮರಿ ದಾಖಲಿಸಿದ್ದಾನೆ.

ಮರಳುದಾರಿ:
ತಕ್ಕಡಿಯವರ ಲೆಕ್ಕ ಸರಿ, ಆದರೆ ಸಾಗಣೆಯ ಖರ್ಚು ಬಿಟ್ಟಿದ್ದೀರಿ. ಸಹಾರಾದ ಉತ್ತರ ಅಂಚಿನ ಸಿಜಿಲ್ಮಾಸಾ ಪಟ್ಟಣದಿಂದ ತಘಾಜಾಕ್ಕೇ 25 ದಿನ. ಮುಂದೆ ನೀರಿಲ್ಲದ ಹಾದಿ. ತಸರಹ್ಲಾ ಎಂಬಲ್ಲಿ ಮೂರು ದಿನ ನಿಂತು, ತೊಗಲಿನ ನೀರುಚೀಲಗಳನ್ನು ಹೊಲಿದು ತುಂಬಿಸಿಕೊಂಡು, ಅಲ್ಲಿಂದ 'ತಕ್ಷೀಫ್' ಎಂಬ ಮುಂದಾಳನ್ನು ಒಂಟಿಯಾಗಿ ವಲಾತಾಕ್ಕೆ ಕಳಿಸುತ್ತಿದ್ದರು. ಅವನು ಪತ್ರ ಮುಟ್ಟಿಸಿದರೆ ಅಲ್ಲಿನವರು ನಾಲ್ಕು ದಿನದ ದಾರಿ ಎದುರು ಬಂದು ನೀರು ಕೊಡುತ್ತಾರೆ. ಅವನು ಮರಳಲ್ಲಿ ಸತ್ತರೆ ತಂಡ ಬರುತ್ತಿರುವ ಸುದ್ದಿಯೇ ವಲಾತಾಕ್ಕೆ ತಿಳಿಯದು, ತಂಡದ ಬಹುಪಾಲು ಜನರೂ ಸಾಯುತ್ತಾರೆ. ಇಬ್ನ್ ಬತೂತಾನ ತಂಡ ಅವನಿಗೆ ಕೊಟ್ಟದ್ದು 100 ಮಿಸ್ಕಾಲ್. ವಲಾತಾದ ದರದಲ್ಲಿ ಹತ್ತು ಒಂಟೆಹೊರೆ ಉಪ್ಪಿನ ಬೆಲೆ, ಒಬ್ಬ ಮನುಷ್ಯನಿಗೆ!

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಶುರುವಾಗುವುದು ಇಲ್ಲೇ. ತಕ್ಷೀಫ್ ಒಯ್ಯುವ ಪತ್ರವನ್ನು ನಂಬಿ ನೀರು ತರುವವರು ಆ ತುದಿಯಲ್ಲಿ ಇರಬೇಕು. ಸಾಲವೂ ಹಾಗೆಯೇ. ಸಹಾರಾದ ದಕ್ಷಿಣ ತುದಿಯ ಔದಘುಸ್ತ್‌ನ ವರ್ತಕನೊಬ್ಬ ಸಿಜಿಲ್ಮಾಸಾದವನಿಗೆ ಕೊಡಬೇಕಿದ್ದ 42,000 ದಿನಾರ್‌ಗಳ ಸಾಲಪತ್ರವನ್ನು 10ನೇ ಶತಮಾನದ ಅರಬ್ ಭೂಗೋಳಜ್ಞ ಇಬ್ನ್ ಹೌಕಲ್ ವರ್ಣಿಸುತ್ತಾನೆ. ಮಧ್ಯೆ ವಾರಗಟ್ಟಲೆ ಮರಳುಗಾಡು. ಎರಡೂ ತುದಿಯಲ್ಲಿ ಒಂದೇ ಕಾನೂನು, ಒಂದೇ ಲಿಪಿ, ಸಾಕ್ಷಿಗೆ ಒಂದೇ ನಿಯಮ ಇಲ್ಲದಿದ್ದರೆ ಆ ಕಾಗದಕ್ಕೆ ಕಾಸಿನ ಬೆಲೆಯೂ ಇಲ್ಲ. ದಕ್ಷಿಣದ ವರ್ತಕರು ಮೊದಲು ಮುಸ್ಲಿಮರಾದದ್ದಕ್ಕೆ ನಂಬಿಕೆಯ ಜೊತೆಗೆ ಈ ಅನುಕೂಲವೂ ದೊಡ್ಡ ಕಾರಣ ಅನ್ನುವುದು ನನ್ನ ತೀರ್ಮಾನ. ಮೊದಲು ಬಂದವರಲ್ಲಿ ಅನೇಕರು ಇಬಾದಿ ಎಂಬ ಪಂಥದ ಮುಸ್ಲಿಮರು, ಬಗ್ದಾದಿನ ಖಲೀಫರನ್ನೇ ಒಪ್ಪದವರು. ಹಾಗಾಗಿ ಯಾವುದೋ ಸಾಮ್ರಾಜ್ಯ ಕಳಿಸಿದ ಪ್ರಚಾರಕರು ಅನ್ನಲೂ ಆಗದು.

ಹಳೆಪುಟ:
ಘಾನಾ ಅಂದಾಗ ಇಂದಿನ ಘಾನಾ ದೇಶ ನೆನೆಸಿಕೊಳ್ಳಬೇಡಿ. ಹಳೆಯದು ಸೊನಿಂಕೆ ಜನರ ರಾಜ್ಯ. ರಾಜಧಾನಿ ಎಂದು ಗುರುತಿಸುವ ಕುಂಬಿ ಸಾಲೇ ಈಗಿನ ಮೌರಿಟಾನಿಯಾದ ದಕ್ಷಿಣದಲ್ಲಿದೆ.

1076ರ ದಂಡಯಾತ್ರೆಯ ಬಗ್ಗೆ: ಅಲ್ಮೊರಾವಿದರು 1050ರ ದಶಕದಲ್ಲಿ ಔದಘುಸ್ತ್ ಮೇಲೆ ದಾಳಿ ಮಾಡಿದ್ದು ಖಚಿತ. ಅದು ಮುಸ್ಲಿಮರೂ ಇದ್ದ ಊರು, ಘಾನಾಕ್ಕೆ ತಲೆಬಾಗಿದ್ದೇ ಅದರ ತಪ್ಪು. ಆದರೆ ಘಾನಾವನ್ನೇ ಗೆದ್ದರು ಅನ್ನುವುದಕ್ಕೆ ಆ ಕಾಲದ ಅರಬ್ಬಿ ಬರಹಗಳಲ್ಲಿ ನೇರ ಆಧಾರ ಇಲ್ಲ. ಆ ಸುಮಾರಿಗೆ ಘಾನಾ ಮುಸ್ಲಿಂ ರಾಜ್ಯವಾಯಿತು ಅನ್ನುವಷ್ಟು ಮಾತ್ರ ಸಿಗುತ್ತದೆ. ಗೆಲುವಿನ ಕಥೆ ಬೆಳೆದದ್ದು ಆಮೇಲೆ, ಇತಿಹಾಸಕಾರರು ಇನ್ನೂ ಜಗಳವಾಡುತ್ತಿದ್ದಾರೆ.

ಅದಕ್ಕಿಂತ ಮೊದಲಿನ ಸ್ಥಿತಿ ನೋಡಿ. ಅಲ್-ಬಕ್ರಿ ಬರೆಯುವಾಗ ರಾಜ ತುಂಕಾ ಮನೀನ್ ಮುಸ್ಲಿಂ ಅಲ್ಲ. ಆದರೂ ದುಭಾಷಿಗಳು, ಖಜಾನೆಯ ಅಧಿಕಾರಿ, ಮಂತ್ರಿಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಅವರ ಪಟ್ಟಣವೇ ಬೇರೆ, ಅಲ್ಲಿ 12 ಮಸೀದಿ. ರಾಜನ ಊರು ಆರು ಮೈಲಿ ದೂರ. ಅವನ ಮತದವರು ಮಂಡಿಯೂರಿ ತಲೆಯ ಮೇಲೆ ಮಣ್ಣು ಸುರಿದುಕೊಂಡು ವಂದಿಸಬೇಕು, ಮುಸ್ಲಿಮರು ಚಪ್ಪಾಳೆ ತಟ್ಟಿದರೆ ಸಾಕು. ಸುಮಾರು ಮುನ್ನೂರು ವರ್ಷದ ನಂತರ ಮಾಲಿಯಲ್ಲಿ ರಾಜ ಮಾನ್ಸಾ ಸುಲೈಮಾನ್ ಸ್ವತಃ ಮುಸ್ಲಿಂ. ಆಗಲೂ ಆಸ್ಥಾನದಲ್ಲಿ ತಲೆಗೆ ಮಣ್ಣು ಸುರಿದುಕೊಳ್ಳುವುದು ನಿಂತಿರಲಿಲ್ಲ, ಇಬ್ನ್ ಬತೂತಾ ಅದನ್ನು ನೋಡಿ ಮೂಗು ಮುರಿದ. ಅದೇ ಊರಲ್ಲಿ ಕುರಾನ್ ಬಾಯಿಪಾಠ ಮಾಡುವವರೆಗೂ ಮಕ್ಕಳ ಕಾಲಿಗೆ ಸಂಕೋಲೆ ಹಾಕುತ್ತಿದ್ದರು, ಅದನ್ನು ಮೆಚ್ಚಿ ಬರೆದ. ಹೊಸ ಮತ ಬಂತು, ಹಳೆಯ ರಾಜಮರ್ಯಾದೆ ಜಾಗ ಬಿಡಲಿಲ್ಲ.

ಕುತೂಹಲಿ:
ಲೆಕ್ಕ ಅರ್ಥವಾಯಿತು, ಎಲ್ಲರಿಗೂ ಧನ್ಯವಾದ. ಆಫ್ರಿಕಾದ ಪೂರ್ವ ಕರಾವಳಿಯಲ್ಲೂ ಇದೇ ಕಥೆಯೇ?

ಮರಳುದಾರಿ:
ಅಲ್ಲಿ ಒಂಟೆಯ ಕೆಲಸ ಮಾಡಿದ್ದು ಗಾಳಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ ಹಡಗುಗಳನ್ನು ಅರೇಬಿಯಾದಿಂದ ತರುತ್ತದೆ, ವಾಪಸ್ ಹೋಗಲು ಏಪ್ರಿಲ್ ನಂತರದ ನೈಋತ್ಯದ ಗಾಳಿ ಬೇಕು. ತಿಂಗಳುಗಟ್ಟಲೆ ಕಾಯಬೇಕಾದವರು ಅಲ್ಲೇ ಮನೆ ಮಾಡಿದರು, ಮದುವೆಯಾದರು. ಈಗಿನ ಕೆನ್ಯಾದ ಶಾಂಗಾದಲ್ಲಿ 8ನೇ ಶತಮಾನದ ಪುಟ್ಟ ಮಸೀದಿಯ ಕುರುಹು ಸಿಕ್ಕಿದೆ, ಜಾಂಜಿಬಾರಿನ ಕಿಜಿಮ್ಕಾಜಿ ಮಸೀದಿಯ ಶಾಸನ 1107ರದ್ದು. ಸೊಫಾಲಾ ಬಂದರಿನ ಚಿನ್ನದಿಂದ ಕಿಲ್ವಾ ಎಂಬ ಕರಾವಳಿ ಪಟ್ಟಣ ಕೊಬ್ಬಿತು. ಆದರೆ ಆ ಚಿನ್ನ ಅಗೆದು ಕೊಡುತ್ತಿದ್ದ ಒಳನಾಡಿನ ಜಿಂಬಾಬ್ವೆ ಪ್ರಸ್ಥಭೂಮಿಯ ಅರಸರು ಮುಸ್ಲಿಮರಾಗಲಿಲ್ಲ. ಅವರ ಬಾಗಿಲಿಗೆ ಬಂದು ಸರಕು ಕೊಳ್ಳುವವರಿದ್ದರು, ಹಾಗಾಗಿ ಆ ಅರಸರು ದೂರದ ಊರಿಗೆ ಸಾಲಪತ್ರ ಬರೆಯಬೇಕಾಗಿರಲಿಲ್ಲ.