ಸಹಾಯ ಬೇಕ್ರಿ: ಲಿನಕ್ಸ್‌ಗೆ ಹೋದ್ರ ನನ್ನ ನುಡಿ ಫೈಲ್‌ಗಳ ಗತಿ ಏನು?

ಎಲ್ಲರಿಗೂ ನಮಸ್ಕಾರ್ರೀ. ಬಾಗಲಕೋಟೆ ನವನಗರದಾಗ ನಂದೊಂದು ಸಣ್ಣ ಟೈಪಿಂಗ್, ಝರಾಕ್ಸ್ ಅಂಗಡಿ ಐತಿ. ಕನ್ನಡ ಟೈಪಿಂಗ್ ಎಲ್ಲಾ ‘ನುಡಿ’ ಅನ್ನೂ ಸಾಫ್ಟ್‌ವೇರ್‌ನಾಗ ಮಾಡ್ತೀನಿ. ಕಂಪ್ಯೂಟರ್ 6ನೇ ಜನರೇಶನ್ ಐ3, 4 ಜಿಬಿ ರ‍್ಯಾಮ್. 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಸಪೋರ್ಟ್ ಮುಗೀತು. ವಿಂಡೋಸ್ 11 ಹಾಕೋಣಂದ್ರ ಈ ಪ್ರೊಸೆಸರ್ ನಡಿಯಂಗಿಲ್ಲ ಅಂತೈತಿ.

ನಮ್ಮ ಅಳಿಯ ಪೆನ್‌ಡ್ರೈವ್‌ನಾಗ ಲಿನಕ್ಸ್ ಮಿಂಟ್ (ವಿಂಡೋಸ್ ಬದ್ಲಿ ಹಾಕೂ ಪುಕ್ಕಟೆ ಸಿಸ್ಟಮ್) ತಂದು, ಇನ್‌ಸ್ಟಾಲ್ ಮಾಡದನ ಓಡಿಸಿ ತೋರಿಸಿದ. ಚಲೋ ಓಡತು, ವೈಫೈ ಸೈತ ಹತ್ತಿತು. ಆದ್ರ ಹಳೇದೊಂದು ಕರಾರುಪತ್ರ ತಗದ್ರ ಕನ್ನಡ ಒಂದಕ್ಷರ ಇಲ್ಲ! ಇಂಗ್ಲಿಷ್ ಅಕ್ಷರದ ಮ್ಯಾಲ ಟೋಪಿ, ಚುಕ್ಕಿ ಇಟ್ಟಂಗ ಕಾಣಾಕತ್ತಿತು. ಎಲ್ಲಾ ಆಸ್ಕಿ ಫಾಂಟಿನವು ನೋಡ್ರಿ, ಅಂದ್ರ ಇಂಗ್ಲಿಷ್ ಅಕ್ಷರದ ಜಾಗಾದಾಗ ಕನ್ನಡ ಕೂಡಿಸಿದ ಹಳೇ ಪದ್ಧತಿ, ಆ ಫಾಂಟ್ ಇಲ್ದ ಕನ್ನಡ ಕಾಣಂಗಿಲ್ಲ. ನುಡಿ ಫಾಂಟ್ ಕಾಪಿ ಮಾಡಿ ಹಾಕಿದ ಮ್ಯಾಲ ಓದಾಕ ಬಂತು.

ಈಗ ಕೇಳೂದು ಇಷ್ಟ. ಇಂಥಾ ಫೈಲ್ ಸಾವಿರಗಟ್ಲೆ ಅದಾವು, ಎಲ್ಲಾ ಒಮ್ಮೆಲೆ ಯೂನಿಕೋಡ್ (ಯಾವ ಕಂಪ್ಯೂಟರ್‌ನಾಗೂ ಕನ್ನಡ ಕನ್ನಡನ ಆಗಿ ಉಳಿಯೂ ಪದ್ಧತಿ) ಮಾಡಾಕ ಬರ್ತೈತೇನ್ರಿ? ಒಳಗಿನ ಟೇಬಲ್ ಕೆಡಬಾರದು. ಲಿನಕ್ಸ್‌ನಾಗ ಬ್ಯಾರೆ ಭಾಷಾ ಟೈಪ್ ಮಾಡೂ ಐಬಸ್ ಅನ್ನೂ ಸಾಫ್ಟ್‌ವೇರ್‌ನಾಗ, ನುಡಿಯಾಗ ಬಳಸೂ ಕಗಪ ಕೀಲಿಮಣೆ ಐತಂತ. ಒತ್ತು, ಅರ್ಕಾವತ್ತು ನುಡಿಯಾಗಿನಂಗ ಬರ್ತಾವೋ ಬ್ಯಾರೆನೋ? ನನ್ನ ಬೆರಳಿಗೆ ಹದಿನೈದು ವರ್ಷದ ರೂಢಿ, ಬಿಡಂಗಿಲ್ಲ. ಸ್ಕ್ಯಾನರ್ ಇನ್ನೂ ಹಚ್ಚಿ ನೋಡಿಲ್ಲ.

ವಿಂಡೋಸ್, ಲಿನಕ್ಸ್ ಎರಡೂ ಇಟ್ಕೊಂಡು ಕೆಲಸ ಮಾಡಿದವರು ಯಾರರ ಇದ್ರ ಹೇಳ್ರಿ. ‘ಹೊಸಾ ಕಂಪ್ಯೂಟರ್ ತಗೋರಿ’ ಅಂತ ಮಾತ್ರ ಅನಬ್ಯಾಡ್ರಿ, ಅದನ್ನ ಮನ್ಯಾಗೂ ದಿನಾ ಕೇಳಾಕತ್ತೀನಿ. ರವಿವಾರ ಒಂದ ದಿನ ಅಂಗಡಿ ಬಂದ್ ಇರ್ತೈತಿ, ಅಷ್ಟರಾಗ ಮುಗಸಬೇಕ್ರಿ.