‘ಕೋಜಿ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ ಈಗ ಎಲ್ಲ ಕಡೆ ಓಡಾಡುತ್ತಿರುವಂಥದ್ದೇ. ಮನೆ ಫೋಟೋಗೆ ನಿಂತ ಹಾಗೆ ಇರಬೇಕಿಲ್ಲ, ಇರುವವರಿಗೆ ಹಿತವಾಗಿದ್ದರೆ ಸಾಕು ಅನ್ನೋದು. ಬರವಣಿಗೆ ಸಲೀಸಾಗಿಯೇ ಸಾಗುತ್ತಿತ್ತು. ಆದರೆ ಇಂಗ್ಲಿಷಿನ ‘ಕೋಜಿ’ (cozy, ಅಂದರೆ ಹಿತವಾಗಿ ಒರಗಿ ಕೂರುವಂಥ) ಬಂದಲ್ಲೆಲ್ಲ ಕೈ ನಿಂತುಬಿಡುತ್ತದೆ. ಎಣಿಸಿ ನೋಡಿದೆ, 11 ಸಲ ಬಂದಿದೆ!

ಮೊದಲು ಹೊಳೆದದ್ದು ‘ಬೆಚ್ಚನೆಯ’. ಸರ್ವಜ್ಞನ ‘ಬೆಚ್ಚನೆಯ ಮನೆಯಿರಲು’ ಎಲ್ಲರ ಬಾಯಲ್ಲೂ ಇದೆ, ಅಲ್ವಾ? ಅಲ್ಲಿ ಬೆಚ್ಚಗೆ ಅಂದರೆ ಬರೀ ಬಿಸಿಯಲ್ಲ, ಮನೆಯೊಳಗಿನ ಹಿತವೂ ಹೌದು. ಹಾಗಾಗಿ ನಿಶ್ಚಿಂತೆಯಿಂದ ನಾಲ್ಕು ಕಡೆ ಹಾಕಿದೆ. ಐದನೆಯ ಕಡೆ ಸಿಕ್ಕಿಬಿದ್ದೆ. ಅಲ್ಲಿ ಒಬ್ಬಾಕೆ ಸುಡುಬಿಸಿಲಿನ ಮಧ್ಯಾಹ್ನ ಪರದೆ ಎಳೆದು, ತಣ್ಣನೆಯ ನೆಲದ ಮೇಲೆ ದಿಂಬು ಹಾಕಿಕೊಂಡು ಓದುತ್ತಿದ್ದಾಳೆ. ಅದೂ ಕೋಜಿ. ‘ಬೆಚ್ಚನೆಯ’ ಅಂತ ಬರೆದರೆ ಓದುವವರಿಗೆ ಬೆವರು ಬರುತ್ತದೆ. ಅದರಿಂದ ಹೆಸರುಪದ ಮಾಡೋದೂ ಕಷ್ಟ. ‘ಬೆಚ್ಚು’ ಅಂದರೆ ಬೆದರು ಅಂತಲೂ ಇದೆ. ‘ಬೆಚ್ಚುವ ಮನೆ’ ಅಂದರೆ ದೆವ್ವದ ಮನೆಯಾದೀತು. ಇನ್ನು ‘ಕೈ ಬೆಚ್ಚಗೆ ಮಾಡೋದು’ ಬೇರೆಯೇ ವ್ಯವಹಾರ, ಬಿಡಿ.

‘ಹಾಯಾಗಿ’ ನನಗೆ ಇಷ್ಟ. ಆದರೆ ಅದು ಕೂತವರ ಪಾಡನ್ನು ಹೇಳುತ್ತದೆ, ಕೂತ ಜಾಗದ ಗುಣವನ್ನಲ್ಲ. ಹಾಯಾಗಿ ಕೂತೆ ಅನ್ನಬಹುದು. ‘ಹಾಯಾದ ಮೂಲೆ’ ಅಂದರೆ ಕಿವಿಗೆ ಒರಟು. ‘ನೆಮ್ಮದಿ’ ತುಂಬಾ ದೊಡ್ಡ ಪದ. ಸಾಲ ತೀರಿದರೆ ನೆಮ್ಮದಿ, ಮಕ್ಕಳು ದಡ ಸೇರಿದರೆ ನೆಮ್ಮದಿ. ಒಂದು ಹಳೆಯ ಹೊದಿಕೆಗೆ ಅಷ್ಟು ಭಾರ ಹೊರಿಸೋದು ಬೇಡ.

‘ಆರಾಮ’ದ ಬಗ್ಗೆ ಸ್ವಲ್ಪ ಜಾಸ್ತಿ ಯೋಚಿಸಿದೆ. ನಾವು ದಿನಾ ಬಳಸುವ ಆರಾಮ ಪಾರ್ಸಿಯಿಂದ ಬಂದದ್ದು, ಅಲ್ಲಿ ಅದಕ್ಕೆ ವಿಶ್ರಾಂತಿ ಅಂತ ಅರ್ಥ. ಸಂಸ್ಕೃತದ ಆರಾಮ ಬೇರೆ, ಅದು ತೋಟ. ‘ಆರಾಮ ಕುರ್ಚಿ’ ಅಂತ ಸಿದ್ಧವಾದ ಮಾತೂ ಇದೆ. ಆದರೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಕುರ್ಚಿಯೂ ಆರಾಮ ಕುರ್ಚಿಯೇ. ಲೇಖನ ಹೇಳುತ್ತಿರುವ ಕುರ್ಚಿ ಅದಲ್ಲ. ಅದರ ದಿಂಬು ಎಡಕ್ಕೆ ತಗ್ಗಿದೆ, ಯಾಕಂದರೆ ಕೂರುವವರು ಯಾವಾಗಲೂ ಎಡಕ್ಕೇ ವಾಲುತ್ತಾರೆ. ಕೈ ಇಡುವ ಕಡೆ ಬಣ್ಣ ಹೋಗಿ ಮರ ನುಣುಪಾಗಿದೆ. ಪಕ್ಕದಲ್ಲಿ ಅಂಚಿನ ಚಕ್ಕೆ ಹಾರಿದ ಕುಡಿಯುವ ಕಪ್. ತುಟಿಗೆ ತಾಗದ ಹಾಗೆ ಅದನ್ನು ತಿರುಗಿಸಿ ಹಿಡಿಯುವುದು ಕೈಗೇ ಗೊತ್ತು.

ಬೇರೆ ನುಡಿಗಳಲ್ಲಿ ಏನಿದೆ ಅಂತಲೂ ನೋಡಿದೆ. 2016ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರ ವರ್ಷದ ಪದಗಳ ಪಟ್ಟಿಯಲ್ಲಿದ್ದ ಡೇನಿಶ್ ‘ಹ್ಯೂಗ’ (ಹೆಚ್ಚುಕಡಿಮೆ ಇದೇ ಹಿತ) ನಿಮಗೆ ನೆನಪಿರಬಹುದು. ಡೇನ್ ಜನ ಅದನ್ನು ಹೆಸರುಪದವಾಗಿಯೂ ಬಳಸುತ್ತಾರೆ, ಕ್ರಿಯಾಪದವಾಗಿಯೂ ಬಳಸುತ್ತಾರೆ. ಹೊಟ್ಟೆಕಿಚ್ಚಾಗುತ್ತದೆ. ಡಚ್ಚರ ‘ಖೆಝೆಲಿಖ್’ ಹುಟ್ಟಿದ್ದು ಜೊತೆಗಾರ ಅನ್ನುವ ಪದದಿಂದ, ಹಾಗಾಗಿ ಅದರಲ್ಲಿ ಜನರ ಒಡನಾಟ ಮುಖ್ಯ. ಜಪಾನಿನ ‘ವಾಬಿ-ಸಾಬಿ’ ಮಾಸಿದ್ದರಲ್ಲಿ, ಕುಂದಿರುವುದರಲ್ಲಿ ಚೆಲುವು ಕಾಣುತ್ತದೆ. ಆದರೆ ಅದು ಕಣ್ಣಿನ ವಿಷಯ, ಬೆನ್ನು ಒರಗುವ ವಿಷಯ ಅಲ್ಲ.

ಕಡೆಗೆ ನಾನು ಬಂದು ನಿಂತದ್ದು ‘ಒಗ್ಗು’ ಹತ್ತಿರ. ಕೈಗೆ ಒಗ್ಗಿದ ಕತ್ತರಿ, ಮೈಗೆ ಒಗ್ಗಿದ ಅಂಗಿ ಅಂತೀವಲ್ಲ, ಆ ಒಗ್ಗು. ವಸ್ತು ನಮಗೂ ನಾವು ವಸ್ತುವಿಗೂ ಹೊಂದಿಕೊಂಡಿದ್ದೇವೆ, ಅದಕ್ಕೆ ದಿನಗಳು ಹಿಡಿದಿವೆ ಅನ್ನೋದೆಲ್ಲ ಅದರೊಳಗೇ ಇದೆ. ಕೊಂಡ ದಿನವೇ ಯಾವುದೂ ಒಗ್ಗುವುದಿಲ್ಲ. ‘ಮೈಗೊಗ್ಗಿದ ಕುರ್ಚಿ’, ‘ಒಗ್ಗಿದ ಮನೆ’ ಹೇಗನ್ನಿಸುತ್ತದೆ? ನನ್ನ ಅನುಮಾನ ಒಂದೇ. ಕಷ್ಟಕ್ಕೂ ಒಗ್ಗುತ್ತೇವೆ, ಸದ್ದಿಗೂ ಒಗ್ಗುತ್ತೇವೆ. ವಿಧಿಯಿಲ್ಲದೆ ಸಹಿಸಿಕೊಂಡ ನೆರಳು ಆ ಪದದ ಮೇಲೆ ಬೀಳುತ್ತದೆಯೇ? ‘ಸಲಿಗೆಯ ಮೂಲೆ’ ಅಂತಲೂ ಬರೆದು ನೋಡಿದೆ. ಪ್ರೇಮಿಗಳ ಮೂಲೆ ಆಗಿಬಿಟ್ಟಿತು, ಹೊಡೆದುಹಾಕಿದೆ.

ಇದರ ಬಾಲದಲ್ಲೇ ಇನ್ನೊಂದು ತೊಡಕು. ‘ಪರ್ಫೆಕ್ಟ್ ಅಲ್ಲದ’ ಅನ್ನೋದಕ್ಕೆ ‘ಅಪರಿಪೂರ್ಣ’ ಬೇಡವೇ ಬೇಡ. ಅರ್ಧಕ್ಕೆ ನಿಂತ ಕಟ್ಟಡದ ಹಾಗೆ ಕೇಳಿಸುತ್ತದೆ. ‘ಅಸ್ತವ್ಯಸ್ತ’ವೂ ಅಲ್ಲ. ಅದು 2022ರಲ್ಲಿ ಆಕ್ಸ್‌ಫರ್ಡ್ ವರ್ಷದ ಪದವಾದ ‘ಗಾಬ್ಲಿನ್ ಮೋಡ್’ ಕಡೆಗೆ ಜಾರುತ್ತದೆ, ಅಂದರೆ ನಾಚಿಕೆ ಬಿಟ್ಟು ಸೋಮಾರಿಯಾಗಿ, ಗಲೀಜಾಗಿ ಬಿದ್ದುಕೊಂಡಿರುವುದು. ನಮ್ಮ ಕುರ್ಚಿ ಗಲೀಜಲ್ಲ. ಸುಮ್ನೆ ಹಳೆಯದು. ‘ಓರಣದ ಹಂಗಿಲ್ಲದ’ ಅಂತ ಬರೆದಿದ್ದೇನೆ. ಸ್ವಲ್ಪ ಉದ್ದ, ಆದರೂ ಅದರಲ್ಲಿ ಬೈಗುಳ ಇಲ್ಲ.

ನಿಮ್ಮ ಕಡೆ ಮಾತಿನಲ್ಲಿ ಇದಕ್ಕೆ ಬೇರೆ ಪದ ಇದ್ದರೆ ಹೇಳಿ. ನಿಘಂಟಿನ ಪದವೇ ಆಗಬೇಕಿಲ್ಲ. ಬಿಸಿ, ತಂಪು ಎರಡಕ್ಕೂ ಸಲ್ಲಬೇಕು, ಅದರ ಮುಂದೆ ‘ಮನೆ’ ಅಂತಲೂ ‘ಕುರ್ಚಿ’ ಅಂತಲೂ ಸೇರಿಸುವ ಹಾಗಿರಬೇಕು. ಒಳಗಿನ ಹತ್ತು ಕಡೆ ಹೇಗೋ ದಾಟಿಸಿದ್ದೇನೆ. ಶೀರ್ಷಿಕೆಯಲ್ಲಿ ಮಾತ್ರ ಸದ್ಯಕ್ಕೆ ‘ಕೋಜಿ’ ಅಂತಲೇ ಬರೆದು ಅಡಿಗೆರೆ ಎಳೆದಿಟ್ಟಿದ್ದೇನೆ.