ಪದಚರ್ಚೆ: ಪಾಸ್ತಾಗೆ ಹಾಕುವ ಹರ್ಬ್‌ಗಳಿಗೆ ಕನ್ನಡ ಹೆಸರು ಬೇಕು (ತುರ್ತು)

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಕುಂಡದಲ್ಲಿ ಬೆಳೆದು ಪಾಸ್ತಾಗೆ ಬಳಸುವ ಗಿಡಗಳ ಬಗ್ಗೆ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೊತೆಗೆ ಪ್ರತಿ ಕುಂಡಕ್ಕೂ ಒಂದು ಹೆಸರಿನ ಚೀಟಿ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಬೆಸಿಲ್‌ಗೆ ತುಳಸಿ ಅಂತ ಬರೆಯಬಹುದಾ? ಒರೆಗಾನೊಗೆ ದೊಡ್ಡಪತ್ರೆಯೋ, ಮರುಗವೋ? ಇನ್ನು ‘ಹರ್ಬ್’ ಅನ್ನೋದಕ್ಕೆ ‘ಗಿಡಮೂಲಿಕೆ’ ಅಂತ ಹಾಕಿದ್ದೇನೆ. ಓದಿದರೆ ಔಷಧಿ ಪುಸ್ತಕ ಅನ್ನಿಸುತ್ತಿದೆ.

ಉತ್ತರ 1:
ತುಳಸಿ ತಪ್ಪು. ಬೆಸಿಲ್ ಅಂದರೆ ಕಾಮಕಸ್ತೂರಿ. ನಿಘಂಟು ತೆಗೆದು ನೋಡಿ. ಒರೆಗಾನೊಗೆ ಮರುಗ. ಹರ್ಬ್‌ಗೆ ‘ಕಮ್ಮೆಲೆ’. ಹಳಗನ್ನಡದಲ್ಲಿ ಕಂಪಿನ ಗಾಳಿಗೆ ಕಮ್ಮೆಲರ್ ಅನ್ನುತ್ತಿದ್ದರು, ಅದೇ ಜಾಡಿನಲ್ಲಿ ಕಮ್ಮೆಲೆ. ಮನೆಯಲ್ಲಿ ಪದ ಇರುವಾಗ ಪಕ್ಕದವರ ಹತ್ತಿರ ಕೈ ಚಾಚುವುದು ಬೇಡ.

ಉತ್ತರ 2:
ಕಾಮಕಸ್ತೂರಿ ಸರಿ. ಮರುಗ ಖಂಡಿತ ಬೇಡ.

ಮರುಗ ಅಂದರೆ ಮಾರ್ಜೊರಂ. ಒರೆಗಾನೊ ಅದರ ಕುಲದ್ದೇ, ಎರಡೂ ಒರಿಗಾನಮ್. ಆದರೆ ಗಿಡ ಬೇರೆ, ರುಚಿ ಬೇರೆ. ಮರುಗದ ಎಲೆ ಬೂದುಹಸಿರು, ವಾಸನೆ ಮೆದು, ಸ್ವಲ್ಪ ಸಿಹಿ. ಒರೆಗಾನೊ ಎಲೆಯನ್ನು ಬೆರಳಲ್ಲಿ ತಿಕ್ಕಿ ಮೂಸಿ, ಘಾಟು ಮೂಗಿಗೆ ಬಡಿಯುತ್ತದೆ. ಒಣಗಿಸಿದರೆ ಅದರ ರುಚಿ ಇನ್ನೂ ಗಟ್ಟಿ. ಟೊಮೆಟೊ ಸಾಸ್ ಕುದಿಯುವಾಗಲೇ ಹಾಕಬಹುದು. ಮರುಗವನ್ನು ಹಾಗೆ ಕುದಿಸಿದರೆ ಪರಿಮಳ ಹಾರಿಹೋಗುತ್ತದೆ, ಅದನ್ನು ಇಳಿಸುವ ಹೊತ್ತಿಗೆ ಹಾಕಬೇಕು. ಬೆಳೆಯುವುದರಲ್ಲೂ ಅಷ್ಟೇ. ಒರೆಗಾನೊ ಹಿಮ ಬಿದ್ದರೂ ಬೇರಿನಿಂದ ಮತ್ತೆ ಚಿಗುರುತ್ತದೆ, ಮರುಗ ಹಿಮ ತಡೆಯುವುದಿಲ್ಲ. ಚೀಟಿಯಲ್ಲಿ ಮರುಗ ಅಂತ ಇದ್ದರೆ ಓದಿದವರು ಬೇರೆ ಬೀಜ ತಂದು ಬಿತ್ತುತ್ತಾರೆ. ಹೆಸರು ಕನ್ನಡದ್ದೇ ಆಗಿ ಏನು ಬಂತು?

ದೊಡ್ಡಪತ್ರೆಯೂ ಬೇಡ. ಕಾರ್ವಕ್ರಾಲ್ ಅನ್ನುವ ಎಣ್ಣೆಯ ಅಂಶ ಎರಡರಲ್ಲೂ ಇರುವುದರಿಂದ ವಾಸನೆ ಹೋಲುತ್ತದೆ, ಅಷ್ಟೇ. ದೊಡ್ಡಪತ್ರೆ ಎಲೆ ದಪ್ಪ, ತುಂಬಾ ರಸ. ಒಣಗಿಸಿ ಪುಡಿ ಮಾಡಿ ಉದುರಿಸುವ ಎಲೆ ಅಲ್ಲ ಅದು.

ಕಾಮಕಸ್ತೂರಿ ಅಂತ ಬರೆದು ಸುಮ್ನಾಗಬೇಡಿ, ತಳಿಯನ್ನೂ ಸೇರಿಸಿ. ಥಾಯ್ಲೆಂಡಿನ ತಳಿಗೆ ಸೋಂಪಿನ ವಾಸನೆ. ಪೆಸ್ಟೊ (ಈ ಎಲೆ ಅರೆದು ಮಾಡುವ ಇಟಲಿಯ ಸಾಸ್) ಮಾಡಲು ಬೇಕಾದದ್ದು ಜೆನೊವೀಸ್. ಇನ್ನೊಂದು, ಕೈಪಿಡಿಯಲ್ಲಿ ‘ತುದಿ ಕತ್ತರಿಸಿ’ ಅಂತಿದ್ದರೆ ‘ಚಿವುಟಿ’ ಅಂತ ಮಾಡಿ. ಜೋಡಿ ಎಲೆಯ ಸ್ವಲ್ಪ ಮೇಲೆ ಚಿವುಟಿದರೆ ಆ ಎಲೆಗಳು ಕಾಂಡಕ್ಕೆ ಸೇರುವ ಕಂಕುಳಿಂದ ಎರಡು ಕವಲು ಬರುತ್ತವೆ. ಹೂವಿನ ತೆನೆ ಕಂಡರೂ ಚಿವುಟಬೇಕು, ಇಲ್ಲದಿದ್ದರೆ ಎಲೆ ಸಣ್ಣಗಾಗುತ್ತದೆ, ರುಚಿ ಕಹಿಯಾಗುತ್ತದೆ.

ಕಮ್ಮೆಲೆಯನ್ನು ಜನ ‘ಕಮ್ಮಿ ಎಲೆ’ ಅಂತ ಓದುತ್ತಾರೆ. ‘ಪರಿಮಳದ ಸೊಪ್ಪು’ ಸಾಕು.

ಉತ್ತರ 3:
ಮರುಗ ಅಚ್ಚಗನ್ನಡ ಅಂದುಕೊಂಡವರು ಸಂಸ್ಕೃತದ ‘ಮರುವಕ’ ನೋಡಲಿ. ಅದರ ತದ್ಭವ ಇದು.

ಉತ್ತರ 4 (1ನ್ನು ಬರೆದವರು):
ತಮಿಳಿನಲ್ಲಿ ‘ಮರು’ ಅಂದರೆ ಪರಿಮಳ. ಪದ ದ್ರಾವಿಡ ನುಡಿಗಳಿಂದ ಸಂಸ್ಕೃತಕ್ಕೆ ಹೋಗಿದೆ ಅನ್ನೋದು ನನ್ನ ವಾದ. ಸಿಕ್ಕಿದ್ದಕ್ಕೆಲ್ಲ ತದ್ಭವದ ಹಣೆಪಟ್ಟಿ ಹಚ್ಚಬೇಡಿ.

ಗಿಡ ಬೇರೆ ಅನ್ನುವ ತಕರಾರಿಗೂ ಉತ್ತರ ಇದೆ. ಅಮೆರಿಕ ಖಂಡದಿಂದ ಹೊಸ ಕಾಯಿ ಬಂದಾಗ ಹಿರಿಯರು ಏನು ಮಾಡಿದರು? ಮೆಣಸಿನ ಬಳ್ಳಿಗೂ ಅದಕ್ಕೂ ನಂಟೇ ಇಲ್ಲ. ಆದರೂ ಮೆಣಸಿನಕಾಯಿ ಅಂದರು, ನಿಂತಿತು. ಒರೆಗಾನೊ ಅಷ್ಟು ದೂರದ್ದೂ ಅಲ್ಲ, ಮರುಗದ ದಾಯಾದಿ. ಇಂಗ್ಲಿಷಿನವರೇ ಅದನ್ನು ವೈಲ್ಡ್ ಮಾರ್ಜೊರಂ ಅನ್ನುತ್ತಾರೆ. ‘ಕಾಡುಮರುಗ’ ಅನ್ನಲು ನಮಗೇನು ಅಡ್ಡಿ?

ಉತ್ತರ 5 (2ನ್ನು ಬರೆದವರು):
ಕಾಡುಮರುಗ ಒಳ್ಳೆಯ ಪದ, ಒಪ್ಪಿದೆ. ಮೆಣಸಿಗೆ ‘ಕಾಯಿ’ ಸೇರಿಸಿದ ಹಾಗೆ ಇಲ್ಲಿ ‘ಕಾಡು’ ಬಂತು, ಎರಡೂ ಗಿಡ ಬೇರೆಯಾಗಿ ನಿಂತವು. ನಿಮ್ಮ ಮೊದಲ ಉತ್ತರದಲ್ಲಿ ಆ ‘ಕಾಡು’ ಇರಲಿಲ್ಲ.

ಆದರೆ ಬೀಜದ ಪೊಟ್ಟಣದ ಮೇಲೆ ಇರುವ ಹೆಸರು ಒರೆಗಾನೊ. ಅದು ದೊಡ್ಡಕ್ಷರದಲ್ಲಿ ಇರಲಿ, ಕೆಳಗೆ ಕಾಡುಮರುಗ. ಪಾರ್ಸ್ಲಿ, ಸೇಜ್, ರೋಸ್‌ಮರಿ ಹಾಗೇ ಇರಲಿ. ಪುದೀನ ಪಾರ್ಸಿಯಿಂದ ಬಂದದ್ದು, ಟೊಮೆಟೊ ಮೆಕ್ಸಿಕೋದ ನಾವಾಟಲ್ ಭಾಷೆಯದು. ಇವುಗಳಿಂದ ಕನ್ನಡ ಕೆಟ್ಟಿಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಕಾಮಕಸ್ತೂರಿ (ಜೆನೊವೀಸ್ ತಳಿ), ಒರೆಗಾನೊ ಮತ್ತು ಕೆಳಗೆ ಕಾಡುಮರುಗ, ತಲೆಬರಹಕ್ಕೆ ‘ಪಾಸ್ತಾಗೆ ಪರಿಮಳದ ಸೊಪ್ಪುಗಳು’. ಹೀಗೇ ಕಳಿಸುತ್ತಿದ್ದೇನೆ.

ಉತ್ತರ 6 (1ನ್ನು ಬರೆದವರು):
ಪರಿಮಳವೂ ಸಂಸ್ಕೃತವೇ. ‘ಕಂಪಿನ ಸೊಪ್ಪು’ ಅನ್ನಿ. ತಲೆಬರಹದಲ್ಲಿ ಜಾಗವೂ ಉಳಿಯುತ್ತದೆ.